ಒಂದು ಗುಡ್ಡೆಗೆ ಇಬ್ಬರು ಗೈಡ್

ಜನರನ್ನು ಗುಡ್ಡೆ ಹತ್ತಿಸುವ ಕೆಲಸ ಹಿಡಿದ ಮೇಲೆ ಒಂದು ಭಾನುವಾರವೂ ಸುಮ್ಮನೆ ಹೋದದ್ದು ನನಗೆ ನೆನಪಿಲ್ಲ. ಎಂತಾದರೊಂದು ಆಗಿಯೇ ಆಗ್ತದೆ. ನಗುವವರು ಗೆಸ್ಟುಗಳು, ಹೊಟ್ಟೆ ಉರಿದುಕೊಳ್ಳುವವನು ನಾನು.

ನನ್ನ ಮನೆ ತೋಡಾರು. ಉಜಿರೆಯಲ್ಲಿ ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು. ಯಾಕೆ ಬಿಟ್ಟೆ ಅಂತ ಕೇಳಬೇಡಿ, ಕ್ಲಾಸಿನಲ್ಲಿ ನನಗೆ ಕಿಟಕಿ ಪಕ್ಕ ಸೀಟು ಕೊಟ್ಟದ್ದು ಅವರದ್ದೇ ತಪ್ಪು. ಮೂಡಬಿದ್ರೆ ಹತ್ತಿರ ಒಬ್ಬರು ಅಕ್ಕ ಹೋಂಸ್ಟೇ ನಡೆಸ್ತಾರೆ. ಮಂಗಳೂರು, ಬೆಂಗಳೂರಿಂದ ಬಂದವರನ್ನು ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ಬಂಟ್ವಾಳ ಕಡೆಯ ಒಂದು ಗುಡ್ಡೆಗೆ ಕಳಿಸ್ತಾರೆ. ಮೇಲೆ ಒಂದು ದೇವಸ್ಥಾನ ಉಂಟು. ಹತ್ತುವುದು, ಕೈ ಮುಗಿಯುವುದು, ಫೋಟೋ ತೆಗೆಯುವುದು, ಇಳಿಯುವುದು. ಇಷ್ಟೇ. ಗೈಡ್ ಬೇಕು ಅಂತಲೇ ಇಲ್ಲ, ಆದರೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಎಲ್ಲಾ ಸರಿ ಇತ್ತು. ಕಳೆದ ವರ್ಷ ಅಕ್ಕ ಇನ್ನೊಬ್ಬ ಗೈಡನ್ನು ತಂದರು. ನೋಡಿದರೆ ನನ್ನ ಹೈಸ್ಕೂಲಿನ ಪಿ.ಟಿ. ಸರ್! ಲಾಯಿಲದವರು, ರಿಟೈರ್ಡ್. ಮೊಣಕಾಲಿಗೆ ಪಟ್ಟಿ, ಕುತ್ತಿಗೆಗೆ ವಿಸಿಲ್.

ಅಕ್ಕ ಹೇಳಿದ್ದು ಒಂದೇ ಮಾತು: "ಬರುವ ವರ್ಷದ ದೀಪಾವಳಿ ಕಳೆದ ಮೇಲೆ ನನಗೆ ಒಬ್ಬರೇ ಸಾಕು, ಖಾಯಂ. ಗೆಸ್ಟುಗಳು ನನ್ನ ಪುಸ್ತಕದಲ್ಲಿ ಯಾರ ಬಗ್ಗೆ ಒಳ್ಳೆದು ಬರೀತಾರೋ ಅವರು."

ಆಚೆ ಮಸ್ಕತ್ತಿನಲ್ಲಿ ನನ್ನ ಮಾವ ವೀಸಾ ಹಿಡ್ಕೊಂಡು ಕೂತಿದ್ದರು. "ದೀಪಾವಳಿ ಒಳಗೆ ಖಾಯಂ ಕೆಲಸ ತೋರಿಸು, ಇಲ್ಲದಿದ್ರೆ ಇಲ್ಲಿ ಬಂದು ಸೂಪರ್ ಮಾರ್ಕೆಟಲ್ಲಿ ಟೂತ್‌ಪೇಸ್ಟ್ ಜೋಡಿಸು." ಎರಡು ಗಂಟೆ ಕ್ಲಾಸಿನಲ್ಲಿ ಕೂರಲಿಕ್ಕೆ ಆಗದವನು ಎರಡು ವರ್ಷ ಎ.ಸಿ. ಒಳಗೆ ಟೂತ್‌ಪೇಸ್ಟ್ ಜೋಡಿಸ್ತೇನಾ? ಹಾಗಾಗಿ ಸರ್ ಮೇಲೆ ನನಗೆ ಇದ್ದದ್ದು ಗುರುಭಕ್ತಿ ಅಲ್ಲ.

*ಇಲ್ಲೇ, ಬಂತು*

ನಾನು ಸತ್ಯ ಹೇಳುವವನು. ಮೊದಲನೇ ಮೆಟ್ಟಿಲಲ್ಲೇ ಹೇಳಿಬಿಡ್ತೇನೆ: "ಇನ್ನು ಮುಕ್ಕಾಲು ಗಂಟೆ ಉಂಟು, ಕಾಲು ನೋವು ಬರ್ತದೆ." ಕೇಳಿದವರು ಅಲ್ಲೇ ಕೂತುಬಿಡ್ತಾರೆ. ಒಬ್ಬರು ಆಂಟಿ ಅಂತೂ ಜೀಪಿನಿಂದ ಇಳಿಯಲೇ ಇಲ್ಲ.

ಸರ್ ಹಾಗಲ್ಲ. ಕೆಳಗೆ ಜೀಪಿನಿಂದ ಇಳಿಯುವ ಮೊದಲೇ ಶುರು: "ಇಲ್ಲೇ, ಬಂತು." ಅರ್ಧ ದಾರಿಗೆ, "ಇಲ್ಲೇ, ಬಂತು." ಎಲ್ಲರೂ ನಾಲಿಗೆ ಹೊರಗೆ ಹಾಕಿ ಕೂತಾಗ, "ಅಯ್ಯೋ, ಬಂದಾಯ್ತು ಮಾರಾಯ್ರೆ, ಈ ತಿರುಗಾಸು ಅಷ್ಟೇ." ಆ ತಿರುಗಾಸು ಆದ ಮೇಲೆ ಇನ್ನೂ ಏಳು ತಿರುಗಾಸು ಉಂಟು. ಮೇಲೆ ಮುಟ್ಟಿದ ಮೇಲೆ ಗೆಸ್ಟುಗಳು ಪುಸ್ತಕದಲ್ಲಿ ಬರೆದದ್ದು ಎಂತ ಗೊತ್ತುಂಟಾ? "ಸರ್ ಹೆಜ್ಜೆ ಹೆಜ್ಜೆಗೂ ನಮಗೆ ಧೈರ್ಯ ತುಂಬಿದರು."

ನಾನು ಸುಳ್ಳಿನಲ್ಲಿ ಯಾರಿಗೂ ಕಡಿಮೆ ಇಲ್ಲ ಅಂತ ಮುಂದಿನ ವಾರ ಅದನ್ನೇ ಹೇಳಿದೆ. "ಇಲ್ಲೇ, ಬಂತು." ಐದು ನಿಮಿಷಕ್ಕೆ ಬೆಂಗಳೂರಿನ ಒಬ್ಬರು ಮೇಡಂ ನಿಂತು ಸೊಂಟಕ್ಕೆ ಕೈ ಇಟ್ಟರು. "ಏನ್ರೀ, ಇಲ್ಲೇ ಇಲ್ಲೇ ಅಂತ ಕರ್ಕೊಂಡು ಹೋಗ್ತಾನೇ ಇದ್ದೀರಾ. ಎಲ್ರೀ ಬಂತು?"

ನಾನು ಹಿಂದೆ ಬರ್ತಿದ್ದ ಸರ್ ಕಡೆ ನೋಡಿದೆ. ಸರ್ ಮೇಡಮ್ಮಿಗೆ ಸಮಾಧಾನ ಮಾಡಿದರು: "ಕ್ಷಮಿಸಿ ಅಮ್ಮ. ಅವನು ಶಾಲೆಯಲ್ಲಿಯೂ ಹೀಗೇ, ಸುಳ್ಳು ಹೇಳುವ ಅಭ್ಯಾಸ. ನೀವು ಬನ್ನಿ, ಇಲ್ಲೇ, ಬಂತು."

ಆಕೆ ಸೊಂಟದಿಂದ ಕೈ ತೆಗೆದು ಹತ್ತಲಿಕ್ಕೆ ಹೊರಟೇಬಿಟ್ಟರು.

*ಹೇಳಲಿಕ್ಕೆ ಆಗುವುದಿಲ್ಲ*

ಮೇಲೆ ದೇವಸ್ಥಾನದ ಅಂಗಳದಲ್ಲಿ ಹತ್ತು ನಿಮಿಷ ರೆಸ್ಟು. ಆಗ ಗೆಸ್ಟುಗಳಿಗೆ ಭಕ್ತಿ ಬರ್ತದೆ, ಪ್ರಶ್ನೆ ಕೇಳ್ತಾರೆ. ಈ ಬಂಡೆ ಎಷ್ಟು ಹಳೆಯದು, ಈ ಜಾಗದ ಮಹಿಮೆ ಏನು ಅಂತ. ನನಗೆ ಗೊತ್ತಿಲ್ಲ. "ಭಟ್ರ ಹತ್ರ ಕೇಳುವ" ಅಂತ ಹೇಳ್ತೇನೆ. ಸರ್‌ಗೂ ಗೊತ್ತಿಲ್ಲ, ಅದು ನನಗೆ ಗ್ಯಾರಂಟಿ ಉಂಟು. ಆದರೆ ಅವರು ಎಂತ ಮಾಡ್ತಾರೆ? ಕಣ್ಣು ಮುಚ್ಚಿ, ಉಸಿರು ಎಳೆದು, ನಿಧಾನಕ್ಕೆ, "ಅದು ಬಾಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಅನುಭವಿಸಬೇಕು."

ಗೆಸ್ಟುಗಳು ರೋಮಾಂಚನ! ಒಬ್ಬರು ಅವರ ಕಾಲಿಗೇ ಬಿದ್ದರು, ಪಟ್ಟಿ ಕಟ್ಟಿದ ಕಾಲಿಗೆ.

ನಾನು ಒಂದು ವಾರ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದೆ. ಕಣ್ಣು ಮುಚ್ಚುವುದು, ಉಸಿರು, ಎಲ್ಲಾ. ಭಾನುವಾರ ದೇವಸ್ಥಾನದ ಅಂಗಳದಲ್ಲಿ ಒಬ್ಬರು ಅಂಕಲ್ ಅವಸರದಲ್ಲಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಎಂತದೋ ಕೇಳಿದರು. ಪ್ರಶ್ನೆ ಪೂರ್ತಿ ಕೇಳುವ ತಾಳ್ಮೆ ನನಗೆಲ್ಲಿ? ಕಣ್ಣು ಮುಚ್ಚಿದೆ. ಉಸಿರು ಎಳೆದೆ.

"ಅದು ಬಾಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ ಅಂಕಲ್. ಅನುಭವಿಸಬೇಕು."

ಕಣ್ಣು ಬಿಟ್ಟರೆ ಅಂಕಲ್ ಕಾಲಿಗೆ ಕಾಲು ಹೆಣೆದು ನಿಂತಿದ್ದಾರೆ. "ಅನುಭವಿಸ್ತಾನೇ ಇದೀನಿ ಕಣಯ್ಯಾ! ಟಾಯ್ಲೆಟ್ ಎಲ್ಲಿದೆ ಹೇಳು!"

*ವಿಸಿಲ್*

ಆ ಗುಡ್ಡೆಯಲ್ಲಿ ಮಂಗಗಳು ಉಂಟು. ನಮ್ಮಷ್ಟೇ ಕೆಲಸ ಇಲ್ಲದವು. ಒಂದು ಸಲ ದೊಡ್ಡ ಒಂದು ಮಂಗ ಬೆಂಗಳೂರಿನ ಹುಡುಗಿಯೊಬ್ಬಳ ಕೂಲಿಂಗ್ ಗ್ಲಾಸ್ ಕಿತ್ತುಕೊಂಡು ಬಂಡೆ ಮೇಲೆ ಕೂತಿತು. ಅವಳು ಅಳಲಿಕ್ಕೆ ಶುರು. ಇದೇ ಚಾನ್ಸು, ಪುಸ್ತಕದಲ್ಲಿ ಒಂದು ಪುಟ ಪೂರ್ತಿ ನನ್ನದೇ ಅಂತ ನಾನು ಹಾರಿದೆ.

ಬಾಳೆಹಣ್ಣು ತೋರಿಸಿದೆ. ಮಂಗ ಬಾಳೆಹಣ್ಣು ತಕ್ಕೊಂಡಿತು, ಗ್ಲಾಸು ಕೊಡಲಿಲ್ಲ. ನನ್ನ ಟೊಪ್ಪಿ ತೋರಿಸಿದೆ. ಟೊಪ್ಪಿಯನ್ನೂ ತಕ್ಕೊಂಡಿತು. ಮಂಗನಿಗೆ ಈಗ ಗ್ಲಾಸು, ಟೊಪ್ಪಿ, ತಿನ್ನಲಿಕ್ಕೆ ಬಾಳೆಹಣ್ಣು. ಟ್ರಿಪ್ಪಿಗೆ ಬಂದವನು ನಾನಾ ಅದಾ ಅಂತ ಡೌಟು ಬರುವ ಹಾಗೆ ಕೂತಿತ್ತು.

ಅಷ್ಟರಲ್ಲಿ ಹಿಂದಿನಿಂದ ಪೀಂಽಽ ಅಂತ ವಿಸಿಲ್. "ಸಾವಧಾನ್!"

ಮಂಗ ಬೆಚ್ಚಿ ಎಲ್ಲಾ ಬಿಟ್ಟು ನೆಟ್ಟಗೆ ನಿಂತಿತು. ಎಲ್ಲರೂ ಚಪ್ಪಾಳೆ. ನಾನೂ ಚಪ್ಪಾಳೆ ಹೊಡೆಯುವ ಅಂತ ಕೈ ಎತ್ತಲಿಕ್ಕೆ ನೋಡಿದರೆ ಕೈ ಬರುವುದಿಲ್ಲ. ಎರಡೂ ಕೈ ತೊಡೆಗೆ ಅಂಟಿ, ಹಿಮ್ಮಡಿ ಜೋಡಿಸಿ, ಎದೆ ಉಬ್ಬಿಸಿ ನಾನೂ ನಿಂತುಬಿಟ್ಟಿದ್ದೆ. ಮೂರು ವರ್ಷ ಅದೇ ವಿಸಿಲ್ ಕೇಳಿದ ಕಾಲು, ಅದಕ್ಕೆಂತ ಗೊತ್ತುಂಟು ನಾನೀಗ ಗೈಡ್ ಅಂತ?

ಪುಸ್ತಕದಲ್ಲಿ ಆ ಹುಡುಗಿ ಬರೆದದ್ದು ಇಷ್ಟು: "ಸರ್ ಒಂದೇ ವಿಸಿಲ್ ಊದಿದರು. ಮಂಗ ಮತ್ತು ಗೈಡ್ ಇಬ್ಬರೂ ಹೇಳಿದ ಹಾಗೆ ಕೇಳಿದರು."

ನನಗೆ ಬೇಜಾರಾದದ್ದು ಬರೆದದ್ದಕ್ಕಲ್ಲ. ಮಂಗನ ಹೆಸರು ಮೊದಲು ಹಾಕಿದ್ದಾಳೆ.

*ಬಲೆ, ಬಲೆ*

ದೀಪಾವಳಿ ಹಿಂದಿನ ಭಾನುವಾರ. ಅಕ್ಕ ಸ್ವತಃ ಬಂದರು, ಪುಸ್ತಕ ಕೈಯಲ್ಲಿ. "ಇವತ್ತು ನಾನೇ ನೋಡ್ತೇನೆ, ಇವತ್ತೇ ತೀರ್ಮಾನ" ಅಂದರು. ಗೆಸ್ಟುಗಳು ಹದಿನಾಲ್ಕು ಜನ, ಎಲ್ಲಾ ಬೆಂಗಳೂರಿನವರು. ಮುಂದೆ ನಾನು, ನಡುವೆ ಅಕ್ಕ ಮತ್ತು ಗೆಸ್ಟುಗಳು, ಕೊನೆಗೆ ಸರ್.

ಅರ್ಧ ದಾರಿಯಲ್ಲಿ ಕವಲು ಉಂಟು. ಎಡಕ್ಕೆ ದೇವಸ್ಥಾನದ ಮೆಟ್ಟಿಲು, ಬಲಕ್ಕೆ ರಬ್ಬರ್ ತೋಟ. ಅಲ್ಲಿಗೆ ಮುಟ್ಟುವಾಗ ಹಿಂದೆ ನೋಡಿದೆ. ಸರ್ ಮೊಣಕಾಲಿನ ಪಟ್ಟಿ ಜಾರಿತು ಅಂತ ಬಂಡೆ ಮೇಲೆ ಕೂತು ಕಟ್ಟಿಕೊಳ್ತಾ ಇದ್ದಾರೆ. ದೇವರೇ ಕಣ್ಣು ಬಿಟ್ಟ! ಸರ್ ಏಳುವ ಮೊದಲು ಎಲ್ಲರನ್ನೂ ಮೇಲೆ ಮುಟ್ಟಿಸಿದರೆ ಕೆಲಸ ನನ್ನದು. ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಎಡಗಡೆ ಓಡಿದೆ. ಮರದ ಮರೆಯಿಂದ ಬೊಬ್ಬೆ ಹಾಕಿದೆ: "ಬಲೆ! ಬಲೆ! ಬೇಗ ಬಲೆ!"

ಅವಸರ ಆದ್ರೆ ನನ್ನ ಬಾಯಿಗೆ ಕನ್ನಡ ಬರುವುದಿಲ್ಲ, ತುಳುವೇ ಬರುವುದು. ತುಳುವಿನಲ್ಲಿ ಬಲೆ ಅಂದ್ರೆ ಬನ್ನಿ ಅಂತ. ಮರ್ಯಾದೆಯಲ್ಲೇ ಕರೆದದ್ದು ಮಾರಾಯ್ರೆ. ಒಬ್ಬರನ್ನೇ ಸಲಿಗೆಯಲ್ಲಿ ಕರೆಯುವುದಾದರೆ ಬಲ ಅಂತ ಹೇಳಬೇಕು.

ಮೇಲೆ ಮುಟ್ಟಿದೆ. ಬೆವರು ಒರೆಸಿದೆ. ಫೋಟೋಕ್ಕೆ ಸರಿಯಾಗಿ ಕೈ ಕಟ್ಟಿ, ಸೂರ್ಯನ ಕಡೆ ಮುಖ ಮಾಡಿ ನಿಂತೆ. ಐದು ನಿಮಿಷ. ಹತ್ತು ನಿಮಿಷ. ಮೆಟ್ಟಿಲಿನಲ್ಲಿ ಟಕ್ ಟಕ್ ಸದ್ದು. ಬಂದದ್ದು ಸರ್ ಒಬ್ಬರೇ.

"ಗೆಸ್ಟ್ ಎಲ್ಲಿ ಮಾರಾಯ?" ಅಂದರು.

"ನಿಮ್ಮ ಒಟ್ಟಿಗೆ ಇಲ್ವಾ ಸರ್?"

"ನೀನಲ್ವಾ ಮುಂದೆ ಹೋದದ್ದು?"

"ನೀವಲ್ವಾ ಹಿಂದೆ ಇದ್ದದ್ದು?"

ಇಬ್ಬರು ಗೈಡ್, ಒಬ್ಬ ಗೆಸ್ಟೂ ಇಲ್ಲ. ಸರ್ ನಾಲ್ಕು ದಿಕ್ಕಿಗೂ ವಿಸಿಲ್ ಊದಿದರು. ಅರ್ಧ ಗಂಟೆ ಕಾದರೂ ಯಾರೂ ಬರಲಿಲ್ಲ. ಫೋನ್ ಮಾಡುವ ಅಂದರೆ ಅಲ್ಲಿ ರೇಂಜ್ ಇಲ್ಲ. ಸರ್ ಮೆಲ್ಲ ಕಟ್ಟೆಯಲ್ಲಿ ಕೂತರು.

"ಹೋಯ್ತು ನೋಡು. ಈ ಕೆಲಸವೂ ಹೋಯ್ತು."

"ನಿಮಗೆಂತ ಸರ್, ಪೆನ್ಷನ್ ಉಂಟಲ್ಲ" ಅಂದೆ. ಒಳಗಿದ್ದ ಉರಿ ಹೊರಗೆ ಬಂತು.

"ಪೆನ್ಷನ್ ಉಂಟು. ಮಾತು ಕೇಳುವವರು ಎಲ್ಲಿದ್ದಾರೆ? ಮನೆಯಲ್ಲಿ ವಿಸಿಲ್ ಊದಿದರೆ ಕುಕ್ಕರ್ ಅಂತ ಹೇಳಿ ಗ್ಯಾಸ್ ಬಂದ್ ಮಾಡಲಿಕ್ಕೆ ಹೋಗ್ತಾರೆ." ಕುತ್ತಿಗೆಯ ವಿಸಿಲ್ ತೆಗೆದು ಕಿಸೆಗೆ ಹಾಕ್ತಾ ಹೇಳಿದರು, "ನಿನಗೆ ಆ ಅಂಕಲ್ ಆಂಟಿಗಳು ನಗುನಗುತ್ತಾ ಬೈತಾರಲ್ಲ, ನನಗೆ ಅದನ್ನು ನೋಡಿದರೆ ಹೊಟ್ಟೆ ಉರೀತದೆ ಮಾರಾಯ. ನನಗೆ ಬರೀ ನಮಸ್ಕಾರ."

ನಾನೂ ಅವರ ಪಕ್ಕ ಕಟ್ಟೆಯಲ್ಲಿ ಕೂತೆ. ಅಷ್ಟರಲ್ಲಿ ದೇವಸ್ಥಾನದ ಹಿಂದಿನಿಂದ ಜೋರು ನಗು ಕೇಳಿತು.

ಹದಿನಾಲ್ಕು ಜನವೂ ಬಂದರು. ಒಬ್ಬರ ಮುಖದಲ್ಲೂ ಬೆವರಿಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬನ್ಸ್. ಎಲ್ಲರ ಮುಂದೆ ಒಬ್ಬರು ಅಜ್ಜಿ, ಬರಿಗಾಲು, ಬಾಯಿ ತುಂಬ ಎಲೆಯಡಿಕೆ, ಒಂದು ಕೈಯಲ್ಲಿ ಹಣ್ಣುಕಾಯಿ, ಇನ್ನೊಂದು ಕೈಯಲ್ಲಿ ಕೊಡೆ. ಹಿಂದೆ ಅಕ್ಕ.

ಆದದ್ದು ಇಷ್ಟು. ನಾನು "ಬಲೆ" ಅಂದದ್ದು ಅವರಿಗೆ "ಬಲ" ಅಂತ ಕೇಳಿದೆ. ಬಲ ಅಂದ್ರೆ ರೈಟು ಅಂತ ಎಲ್ಲರೂ ಬಲಕ್ಕೆ ತಿರುಗಿದ್ದಾರೆ. ಅಕ್ಕನಿಗೆ ಗೊತ್ತಾಗಲಿಲ್ವಾ ಅಂದರೆ, "ಗೈಡ್ ಹೇಳಿದ್ದಾನಲ್ಲ, ಹೊಸ ದಾರಿ ಇರಬೇಕು ಅಂತ ಮಾಡಿದೆ" ಅಂದರು. ರಬ್ಬರ್ ತೋಟ ದಾಟಿದರೆ ಒಂದು ಹೊಸ ಮನೆ. ಅಲ್ಲಿ ಅವತ್ತೇ ಮನೆ ಒಕ್ಕಲು. ಮನೆಯವರು ಹದಿನಾಲ್ಕು ಜನ ಬ್ಯಾಗ್ ಹಾಕಿಕೊಂಡು ಅಂಗಳಕ್ಕೆ ಬಂದದ್ದು ನೋಡಿ, ಮಗನ ಆಫೀಸಿನವರು ಅಂತ ಮಾಡಿ ಕೂರಿಸಿ ಸಜ್ಜಿಗೆ ಬಜಿಲ್, ಅಂದ್ರೆ ಉಪ್ಪಿಟ್ಟು ಅವಲಕ್ಕಿ, ಮತ್ತೆ ಬನ್ಸ್, ಚಾ ಕೊಟ್ಟಿದ್ದಾರೆ. ಗೆಸ್ಟುಗಳು ಇದೂ ಪ್ಯಾಕೇಜಲ್ಲಿ ಉಂಟು ಅಂತ ಮಾಡಿ ಎರಡೆರಡು ಸಲ ಹಾಕಿಸಿಕೊಂಡಿದ್ದಾರೆ. ಆಮೇಲೆ ಆ ಮನೆಯ ಅಜ್ಜಿ ಹಣ್ಣುಕಾಯಿ ಮಾಡಿಸಲಿಕ್ಕೆ ದೇವಸ್ಥಾನಕ್ಕೆ ಹೊರಟಿದ್ದಾರೆ. ಇವರೂ ಹಿಂದೆಯೇ ಹೊರಟಿದ್ದಾರೆ.

ಅಜ್ಜಿಯನ್ನು ಕನ್ನಡದಲ್ಲಿ ಮಾತಾಡಿಸಿ ನೋಡಿದೆ, ಅವರಿಗೆ ತುಳು ಮಾತ್ರ. "ಆದರೆ ಅಜ್ಜಿಗೆ ಕನ್ನಡ ಬರುವುದಿಲ್ಲವಲ್ಲ!" ಅಂದೆ ನಾನು.

"ಯಾರ್ರೀ ಹೇಳಿದ್ದು?" ಅಂದರು ಒಬ್ಬರು ಗೆಸ್ಟ್. "ಎಷ್ಟು ಕ್ಲಿಯರ್ ಆಗಿ ಮಾತಾಡ್ತಾರೆ! ಪ್ರತಿ ಕವಲಲ್ಲೂ ನಾವು ಕೇಳೋದು, ಅಜ್ಜಿ, ಬಲನಾ, ಬಲನಾ? ಅವರು ಹೇಳೋದು, ಎಡಾ ಎಡಾ. ನಾವು ಎಡಕ್ಕೆ ತಿರುಗೋದು. ಮೂರು ಕಡೆ ಎಡ, ಬಂತು ದೇವಸ್ಥಾನ. ಗೈಡ್ ಅಂದ್ರೆ ಹೀಗಿರಬೇಕು!"

ನಾನು ಅಜ್ಜಿ ಹತ್ತಿರ ತುಳುವಿನಲ್ಲಿ ಕೇಳಿದೆ. ಅಜ್ಜಿ ಎಲೆಯಡಿಕೆ ಉಗಿದು ಬಂದು ಹೇಳಿದರು: "ಎಂತ ಜನವಾ ಇವರು! ನನ್ನಷ್ಟು ಪ್ರಾಯದವಳನ್ನು ದಾರಿಯುದ್ದ ಬಲ ಬಲ ಅಂತ ಏಕವಚನದಲ್ಲಿ ಕರೀತಾರೆ. ಮನೆಗೆ ಬಂದವರಿಗೆ ಬೈಯುವುದು ಬೇಡ ಅಂತ ಎಡ್ಡೆ, ಎಡ್ಡೆ ಅಂತ ಹೇಳಿ ಸುಮ್ಮನಿದ್ದೆ."

ಎಡ್ಡೆ ಅಂದ್ರೆ ತುಳುವಿನಲ್ಲಿ ಒಳ್ಳೆದು ಅಂತ.

ಇದನ್ನು ಗೆಸ್ಟುಗಳಿಗೆ ಬಿಡಿಸಿ ಹೇಳುವ ಅಂತ ಬಾಯಿ ತೆರೆದೆ. ಸರ್ ನನ್ನ ಕೈ ಹಿಡಿದರು. ತಡ ಆಗಿತ್ತು. ಪುಸ್ತಕ ಆಗಲೇ ಕೈಯಿಂದ ಕೈಗೆ ಹೋಗ್ತಾ ಇತ್ತು. ಹದಿನಾಲ್ಕು ಜನವೂ ಬರೆದರು. ಹದಿನಾಲ್ಕರಲ್ಲೂ ಅಜ್ಜಿ. ಅಕ್ಕ ಓದಿ ಮುಗಿಸಿ ಅಜ್ಜಿ ಹತ್ತಿರ ಹೋಗಿ, ಪ್ರತಿ ಭಾನುವಾರ ಬರ್ತೀರಾ, ಖಾಯಂ ಅಂತ ಕೇಳಿಯೇಬಿಟ್ಟರು.

ನನಗೆ ಕಣ್ಣೆದುರು ಟೂತ್‌ಪೇಸ್ಟಿನ ಸಾಲು ಕಾಣಲಿಕ್ಕೆ ಶುರುವಾಯ್ತು. ಸರ್ ನನ್ನ ಕಿವಿಯಲ್ಲಿ, "ಅಜ್ಜಿಗೆ ಗೈಡ್ ಕೆಲಸದ್ದು ಎಂತ ಗೊತ್ತುಂಟು ಮಾರಾಯ?" ಅಂದರು. ಒಂದು ವರ್ಷದಲ್ಲಿ ಮೊದಲ ಸಲ ನಮ್ಮಿಬ್ಬರದ್ದು ಒಂದೇ ಮಾತು.

ಅಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಕ್ಕನಿಗೆ ತುಳುವಿನಲ್ಲಿ, "ಬರ್ತೇನೆ. ಆದರೆ ನನಗೆ ಸಾಮಾನು ಹಿಡಿಯಲಿಕ್ಕೆ ಜನ ಬೇಕು. ಈ ಎರಡನ್ನೂ ಇಟ್ಟುಕೊಳ್ಳಿ" ಅಂದರು.

ಅಕ್ಕ ಒಪ್ಪಿದರು. ಜೀಪಿನ ಹತ್ತಿರ ರೇಂಜ್ ಸಿಕ್ಕಿದ ಕೂಡಲೇ ಮಾವನಿಗೆ ಫೋನ್ ಮಾಡಿ, ಕೆಲಸ ಖಾಯಂ ಆಯ್ತು ಅಂತ ಹೇಳಿದೆ. ಎಂತ ಪೋಸ್ಟು ಅಂತ ಕೇಳಿದರು. ಅಸಿಸ್ಟೆಂಟ್ ಅಂದೆ. ಯಾರಿಗೆ ಅಂತ ಕೇಳುವಾಗ ಲೈನ್ ಕಟ್ ಮಾಡಿದೆ.

ಈಗ ಪ್ರತಿ ಭಾನುವಾರ ಅಜ್ಜಿ ಮುಂದೆ, ನಾವಿಬ್ಬರು ಹಿಂದೆ. ಎಲ್ಲಾ ಸುಖವಾಗಿಯೇ ಉಂಟು. ಒಂದೇ ಒಂದು ವಿಷಯ ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ನನಗೆ ಅಜ್ಜಿ ಬರೀ ಕೊಡೆ ಹಿಡಿಯಲಿಕ್ಕೆ ಕೊಡ್ತಾರೆ. ಎಲೆಯಡಿಕೆ ಚೀಲ ಸರ್ ಕೈಗೆ.