ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡದ್ದು

ಧೈರ್ಯದ ವಿಷಯದಲ್ಲಿ ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇತ್ತು. ನಲವತ್ತಾರು ವರ್ಷದವರೆಗೆ ಅದನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಅದೇ ಕಾರಣ. ಪರೀಕ್ಷೆಯಾಗದ ವಸ್ತುವನ್ನು ನಂಬಬಾರದು ಎಂದು ನನಗಾದರೂ ಗೊತ್ತಿರಬೇಕಿತ್ತು. ಮಿಷಿಗನ್ನಿನ ಸೌತ್‌ಫೀಲ್ಡ್ ಊರಿನ ಒಂದು ಕಂಪನಿಯಲ್ಲಿ ಸೀಟ್ ಬೆಲ್ಟ್ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಗೊಂಬೆಯನ್ನು ಕಾರಿನಲ್ಲಿ ಕೂರಿಸಿ, ಗೋಡೆಗೆ ಗುದ್ದಿಸಿ, ಅದರ ಕತ್ತು ಎಷ್ಟು ತಿರುಗಿತು ಎಂದು ಬರೆದುಕೊಳ್ಳುತ್ತೇನೆ. ಹದಿನೇಳು ವರ್ಷದಲ್ಲಿ ಒಂದೇ ಒಂದು ಗೊಂಬೆಯೂ ಗುದ್ದುವ ಮುಂಚೆ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಇದು ಈಗ ಯಾಕೆ ನೆನಪಾಗುತ್ತಿದೆ ಎಂಬುದು ಆಮೇಲೆ ತಿಳಿಯುತ್ತದೆ.

ನನ್ನನ್ನು ಪೋಕರ್ ಆಟಕ್ಕೆ ಎಳೆದವರು ಹೊಸಮನಿ ಅಂಕಲ್. ಧಾರವಾಡದ ಕಡೆಯವರು. ಆನ್ ಆರ್ಬರ್‌ನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು, ಈಗ ಟ್ರಾಯ್‌ನಲ್ಲಿ ನಮ್ಮ ಬಡಾವಣೆಯಲ್ಲೇ ಮಗಳ ಮನೆಯಲ್ಲಿದ್ದಾರೆ. ಜೀವಮಾನವೆಲ್ಲ ಜನರನ್ನು ಮಲಗಿಸಿದವರಿಗೆ ಈಗ ಎಚ್ಚರವಿರುವವರ ಜೊತೆ ಕೂರುವ ಆಸೆ. ಹೈವೇಯಲ್ಲಿ ಡ್ರೈವ್ ಮಾಡಬೇಡಿ ಎಂದು ಮಗಳು ಕೀಲಿ ಎತ್ತಿಟ್ಟ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ನನಗೆ ಫೋನು ಬರತೊಡಗಿತು. "ತಮ್ಮಾ, ಹೋಗೂಣೇನು?" ಈ ದೇಶದಲ್ಲಿ ನನ್ನನ್ನು ತಮ್ಮಾ ಎಂದು ಕರೆಯುವವರು ಅವರೊಬ್ಬರೇ. ನನ್ನ ಮಗಳು ಡ್ಯಾಡ್ ಎನ್ನುತ್ತಾಳೆ, ಹೆಂಡತಿ ಕರೆಯುವುದೇ ಇಲ್ಲ, ಮೆಸೇಜ್ ಮಾಡುತ್ತಾಳೆ. ಆ ಒಂದು ಪದಕ್ಕಾಗಿ ನಾನು ಹಿಮದಲ್ಲಿ ಇಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಡೆಟ್ರಾಯಿಟ್‌ನ ಕ್ಯಾಸಿನೋಗೆ ಹೋಗುತ್ತಿದ್ದೆ.

ನಾವು ಆಡುತ್ತಿದ್ದುದು ಒಂದು-ಎರಡು ಡಾಲರಿನ ಆಟ. ಕ್ಯಾಸಿನೋದಲ್ಲಿ ಅದಕ್ಕಿಂತ ಬಡ ಪೋಕರ್ ಇಲ್ಲ. ಪ್ರತಿಯೊಬ್ಬರಿಗೂ ಎರಡೆರಡು ಗುಟ್ಟಿನ ಎಲೆ, ಮಧ್ಯೆ ಎಲ್ಲರಿಗೂ ಕಾಣುವಂತೆ ಐದು ಎಲೆ, ಉಳಿದದ್ದೆಲ್ಲ ಮುಖದಲ್ಲಿ ಹೇಳುವ ಸುಳ್ಳು. ನನ್ನ ಮುಖಕ್ಕೆ ಸುಳ್ಳು ಬರುವುದಿಲ್ಲ. ಒಳ್ಳೆಯ ಎಲೆ ಬಂದರೆ ನಾನು ನೀರು ಕುಡಿಯುತ್ತೇನೆ ಎಂದು ಎರಡನೆಯ ವಾರಕ್ಕೇ ಮೇಜಿನವರಿಗೆಲ್ಲ ಗೊತ್ತಾಗಿತ್ತು.

ಆ ಶನಿವಾರ ಅಂಕಲ್‌ನ ಎಡಕ್ಕೆ ನಾನು, ಬಲಕ್ಕೆ ಗಡ್ಡದ ಒಬ್ಬ ಮನುಷ್ಯ. ಕುರ್ಚಿ ಅವನ ಕೆಳಗೆ ಸ್ಟೂಲಿನಂತೆ ಕಾಣುತ್ತಿತ್ತು. ಎರಡು ಗಂಟೆಯಿಂದ ಸೋಲುತ್ತಿದ್ದ, ದವಡೆ ಮಾತ್ರ ಆಡುತ್ತಿತ್ತು. ಅವನಿಗೂ ಎದುರಿಗಿದ್ದ ಒಬ್ಬ ಮುದುಕನಿಗೂ ಜಿದ್ದು ಬಿದ್ದು, ಗಡ್ಡದವನು ತನ್ನ ಮುಂದಿದ್ದ ಪಣದ ಬಿಲ್ಲೆಗಳನ್ನೆಲ್ಲ ನಡುವಿಗೆ ತಳ್ಳಿದ. ಮುದುಕ ಯೋಚಿಸುತ್ತಿದ್ದ. ಅದೇ ಹೊತ್ತಿಗೆ, ಆಗಲೇ ಎಲೆ ಎಸೆದು ಆ ಸುತ್ತಿನ ಆಟ ಬಿಟ್ಟು ಕೂತಿದ್ದ ಹೊಸಮನಿ ಅಂಕಲ್ ಜೋಮು ಹಿಡಿದ ಕಾಲನ್ನು ಚಾಚಿದರು. ಅದು ಗಡ್ಡದವನಿಗೆ ತಾಗಿತು.

ಕಾಲು ತಾಗಿದರೆ ನಾವೇನು ಮಾಡುತ್ತೇವೋ ಅದನ್ನೇ ಅವರು ಮಾಡಿದರು. ಬಗ್ಗಿ, ಬಲಗೈಯಿಂದ ಅವನ ಮೊಣಕಾಲು ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾನೂ ಅದನ್ನು ನೋಡಿದೆ. ನನಗೇನೂ ಅನ್ನಿಸಲಿಲ್ಲ, ಯಾರಾದರೂ ಆಕಳಿಸಿದರೆ ಎಷ್ಟು ಅನ್ನಿಸುತ್ತದೋ ಅಷ್ಟೇ. ಎದುರಿನ ಮುದುಕ ಸರಿಯಾಗಿ ಆಗಲೇ "ಕಾಲ್", ಅಂದರೆ ನಿನ್ನ ಪಣಕ್ಕೆ ನಾನೂ ಸರಿ, ಎಂದು ತನ್ನ ಬಿಲ್ಲೆಗಳನ್ನೂ ತಳ್ಳಿ, ಎಲೆ ತೋರಿಸಿ, ಗೆದ್ದುಬಿಟ್ಟ.

ಗಡ್ಡದವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಪಕ್ಕದ ಈ ಮುದುಕ ಮೇಜಿನ ಕೆಳಗೆ ಬಗ್ಗಿ ನನ್ನ ಎಲೆ ನೋಡಿದ, ಆಮೇಲೆ ಕಣ್ಣು ಮುಟ್ಟಿಕೊಂಡು ಎದುರಿನ ಆ ಮುದುಕನಿಗೆ 'ನೋಡಿದೆ' ಎಂದು ಸನ್ನೆ ಮಾಡಿದ ಎಂದು ಅವನ ಆರೋಪ. ಇದನ್ನು ಅವನು ಕೂಗಿ ಹೇಳಲಿಲ್ಲ. ತಗ್ಗಿದ ದನಿಯಲ್ಲಿ, ಒಂದೊಂದೇ ಪದ ಇಟ್ಟು ಹೇಳಿದ. ಕೂಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಕೇಳುತ್ತ ಕೇಳುತ್ತ ನನಗೇ ಅವನ ಮಾತು ಸರಿ ಅನ್ನಿಸತೊಡಗಿತು ಎಂಬುದು ಇನ್ನೂ ಭಯಂಕರ.

ಆಮೇಲೆ ಅವನು ನನ್ನ ಕಡೆ ತಿರುಗಿ, ನೀನು ಇವನ ಜೊತೆ ಬಂದವನಾ ಎಂದು ಕೇಳಿದ.

"ನೋ ಸರ್," ಎಂದೆ.

ಓದುಗರಿಗೆ ಒಂದು ವಿವರ ಹೇಳಬೇಕು. ಆ ಹೊತ್ತಿನಲ್ಲಿ ನಾನೂ ಅಂಕಲ್ಲೂ ತೊಟ್ಟಿದ್ದುದು ಒಂದೇ ಥರದ ಬೂದು ಜಾಕೆಟ್. ನಮ್ಮ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಪುಕ್ಕಟೆ ಕೊಟ್ಟದ್ದು, ಎದೆಯ ಮೇಲೆ ಹಳದಿ-ಕೆಂಪು ಪಟ್ಟಿ. ಅಂಕಲ್‌ನ ಉಣ್ಣೆಯ ಟೋಪಿ ನನ್ನ ತೊಡೆಯ ಮೇಲಿತ್ತು. ಗಡ್ಡದವನು ಅವರ ಎದೆ ನೋಡಿದ, ನನ್ನ ಎದೆ ನೋಡಿದ. ಅಂಕಲ್ ನನ್ನ ಮುಖ ಮಾತ್ರ ನೋಡಿದರು.

ಮೇಲ್ವಿಚಾರಕ ಬಂದ. ಅಂಕಲ್ ಆಪರೇಷನ್‌ಗೆ ಮುಂಚೆ ರೋಗಿಗೆ ಹೇಳುವಂಥ ತಣ್ಣನೆಯ ದನಿಯಲ್ಲಿ, ಎಲ್ಲರೊಳಗೂ ದೇವರಿದ್ದಾನೆ, ಕಾಲು ತಾಗಿದರೆ ಅವನ ಕ್ಷಮೆ ಕೇಳುವುದು ನಮ್ಮ ಪದ್ಧತಿ ಎಂದು ವಿವರಿಸಿದರು. ತನ್ನ ಮೊಣಕಾಲಿನಲ್ಲಿ ದೇವರಿದ್ದಾನೆ ಎಂದು ಕೇಳಿ ಗಡ್ಡದವನ ಮುಖ ಇನ್ನೂ ಕೆಂಪಾಯಿತು. ಬೇಕಾದರೆ ಮಾಡಿ ತೋರಿಸುತ್ತೇನೆ ಎಂದ ಅಂಕಲ್ ಅವನ ಬೂಟಿನ ಕಡೆ ಮತ್ತೆ ಕಾಲು ಚಾಚಿದರು. ಅವನ ಕೈ ಸರಕ್ಕನೆ ಕೋಟಿನ ಒಳಗೆ ಹೋಯಿತು. ಬಾಗಿಲಲ್ಲಿ ಬ್ಯಾಗು ನೋಡುತ್ತಾರೆ, ಕೋಟಿನ ಒಳಗೆ ನೋಡುತ್ತಾರೋ ಇಲ್ಲವೋ ಎಂದು ನಾನು ಯೋಚಿಸಿದ್ದು ನೆನಪಿದೆ. ಮುಂದಿನದು ನೆನಪಿಲ್ಲ, ಏಕೆಂದರೆ ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಅವನ ಕೈ ಖಾಲಿ ಇತ್ತು. ಕ್ಯಾಮೆರಾ ನೋಡಿ ಬಂದ ಮೇಲ್ವಿಚಾರಕ, ಎಲೆಗಳನ್ನು ಯಾರೂ ನೋಡಿಲ್ಲ ಎಂದು ತೀರ್ಪು ಕೊಟ್ಟು, ಇನ್ನು ಯಾರನ್ನೂ ಮುಟ್ಟಬೇಡಿ ಎಂದು ಅಂಕಲ್‌ಗೆ ಹೇಳಿದ. ನಾವು ಹೊರಟೆವು. ಗಡ್ಡದವನು ಕ್ಷಮೆ ಕೇಳಲಿಲ್ಲ, ನನ್ನನ್ನೇ ನೋಡುತ್ತ "ಡ್ರೈವ್ ಸೇಫ್" ಎಂದ. ಮಿಷಿಗನ್ನಿನಲ್ಲಿ ಇದನ್ನು ದಿನಸಿ ಅಂಗಡಿಯವರೂ ಹೇಳುತ್ತಾರೆ. ಆ ಎರಡು ಪದಗಳನ್ನು ನಾನು ಈ ಮೂರು ವಾರಗಳಲ್ಲಿ ಸಾವಿರ ಸಲ ತಿರುವಿ ಹಾಕಿದ್ದೇನೆ.

ದಾರಿಯಲ್ಲಿ ಹಿಂದೊಂದು ಕಪ್ಪು ಪಿಕಪ್ ಟ್ರಕ್. ಈ ಊರಿನಲ್ಲಿ ಮೂರರಲ್ಲೊಂದು ಗಾಡಿ ಕಪ್ಪು ಪಿಕಪ್ಪೇ. ಆದರೂ ಹೈವೇಯಿಂದ ಇಳಿಯುವ ನಮ್ಮ ಎಕ್ಸಿಟ್ ಬಿಟ್ಟು ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಗೊತ್ತಿಲ್ಲದ ಬಡಾವಣೆಯೊಂದನ್ನು ಎರಡು ಸುತ್ತು ಹಾಕಿದೆ. ಟ್ರಕ್ ಯಾವಾಗಲೋ ಹೋಗಿತ್ತು. ಅಂಕಲ್ ಕೆಮ್ಮಿದರು.

"ಅಲ್ರೀ, ನೀವು ಯಾರಂತ ಗೊತ್ತಾಗ್ಲಿಲ್ಲ. ಗುರ್ತಿಲ್ಲದವ್ರ ಗಾಡಿ ಹತ್ತಬ್ಯಾಡ ಅಂದಾಳ ನಮ್ಮ ಮಗಳು."

ನೀವು. ಆ ಗಡ್ಡದವನು ಹೊಡೆದಿದ್ದರೆ ಎಲ್ಲಿ ಊದಿಕೊಂಡಿದೆ ಎಂದಾದರೂ ತೋರಿಸಬಹುದಿತ್ತು.

ಅಂದಿನಿಂದ ಶನಿವಾರ ಫೋನಿಲ್ಲ. ನಾನು ರಾತ್ರಿ ಗರಾಜಿನ ಬಾಗಿಲನ್ನು ಎರಡು ಸಲ ನೋಡಿ ಬರುತ್ತೇನೆ. ಆಫೀಸಿನ ಗೊಂಬೆಗಳ ಮುಖ ನೋಡುವುದು ಬಿಟ್ಟಿದ್ದೇನೆ. ಮೊನ್ನೆ ಎಲ್ಲರೂ ಒಂದೊಂದು ಅಡುಗೆ ತರುವ ಸಂಘದ ಪಾಟ್‌ಲಕ್ ಊಟಕ್ಕೂ ಬರುವುದಿಲ್ಲ ಎಂದಿದ್ದೆ. ಹೆಂಡತಿ ಪುಳಿಯೋಗರೆ ಪಾತ್ರೆಯನ್ನು ಕೈಗೆ ಕೊಟ್ಟು ಕರೆದುಕೊಂಡು ಹೋದಳು.

ಅಲ್ಲಿ ಹೊಸಮನಿ ಅಂಕಲ್ ಆಗಲೇ ಒಂದು ಮೇಜಿನ ತುಂಬ ಜನ ಸೇರಿಸಿಕೊಂಡು ಇದೇ ಕಥೆ ಹೇಳುತ್ತಿದ್ದರು. ನನ್ನನ್ನು ಕಂಡವರೇ ಪಕ್ಕದ ಕುರ್ಚಿ ತೋರಿಸಿದರು. ಅವರ ಕಥೆಯಲ್ಲಿ ನಾನು ಎದ್ದು ನಿಂತು, ಇವರು ನನ್ನ ಜೊತೆ ಬಂದವರು, ಮೊದಲು ನನ್ನ ಹತ್ತಿರ ಮಾತಾಡು ಎಂದು ಗಡ್ಡದವನಿಗೆ ಹೇಳಿದ್ದೆ. ಹೆಂಡತಿ ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದಂತೆ ನನ್ನ ಕಡೆ ನೋಡಿದಳು. ನಾನು ನೀರು ಕುಡಿದೆ. ಅವನು ಕೋಟಿನಿಂದ ತೆಗೆದದ್ದೇನು ಎಂದು ಯಾರೋ ನನ್ನನ್ನೇ ಕೇಳಿದರು.

"ಕರ್ಚೀಫು," ಎಂದೆ.

"ಕಣ್ಣಾರೆ ನೋಡ್ಯಾರ ಅವ್ರು," ಎಂದರು ಅಂಕಲ್.

ಬೆಚ್ಚಿದ ಹೊಡೆತಕ್ಕೆ ನನ್ನ ಕಾಲು ಮೇಜಿನ ಕೆಳಗೆ ಅವರ ಕಾಲಿಗೆ ತಾಗಿತು. ಬಗ್ಗಿ ಅವರ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕೈಯನ್ನು ಕಣ್ಣಿನ ಮೇಲೆಯೇ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡೆ. ಆಗ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ನನಗೊಬ್ಬನಿಗೇ ಕೇಳುವಂತೆ ಹೇಳಿದರು.

"ಸಾಕು, ಕಣ್ಣ ತಗೀ ತಮ್ಮಾ. ಅಂವಾ ಹೋದ."

ತೆಗೆದೆ. ಮೊದಲು ಒಂದು ಕಣ್ಣು ಮಾತ್ರ.