ಕೊಡೆ ಬಿಟ್ಟು ಬಂದ ಹೋಟೆಲು

ನಾಗಪುರಕ್ಕೆ ಬಂದು ಐವತ್ತು ವರ್ಷ ದಾಟಿತು. ಈಗಲೂ ದೋಸೆಯ ತಟ್ಟೆ ಎದುರಿಗೆ ಬಂದರೆ, ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಮೊದಲು ಬಾಗಿಲ ಕಡೆ ನೋಡುತ್ತೇನೆ. ನಮ್ಮ ಕಾಲದಲ್ಲಿ ಹೆಂಗಸರು ಹೋಟೆಲಿಗೆ ಹೋಗುವುದು ಮರ್ಯಾದೆಯಲ್ಲ. ನಾನೂ ಅಮ್ಮನೂ ಕದ್ದು ಹೋಗುತ್ತಿದ್ದೆವು. ಹೋದಾಗಲೆಲ್ಲ ಏನಾದರೊಂದು ಆಗುತ್ತಿತ್ತು.

ಬಂಟ್ವಾಳ

ಬಸ್ಸಿಗೆ ಇನ್ನೂ ಹೊತ್ತಿತ್ತು. ಸೆರಗು ಮುಖಕ್ಕೆ ಎಳೆದುಕೊಂಡು, ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ನುಗ್ಗಿದೆವು. ಅಮ್ಮ ಪಿಸುದನಿಯಲ್ಲಿ ಎರಡು ಮಸಾಲೆ ದೋಸೆ ಹೇಳಿದರು. ಸಪ್ಲೈಯರ್ ಅಲ್ಲೇ ನಿಂತು, ಒಲೆಯ ಹತ್ತಿರ ಇದ್ದವರಿಗೆ ಕೇಳುವಂತೆ ಕೂಗಿದ: "ಮೂಡುಬಿದಿರೆ ಮಾಸ್ಟ್ರ ಹೆಂಡತಿಗೆ ಎರಡು ಮಸಾಲೆ! ಒಂದಕ್ಕೆ ನೀರುಳ್ಳಿ ಬೇಡ!"

ಹೊರಗಿನ ಬೆಂಚಿನಿಂದ ಒಂದು ಸ್ವರ ಬಂತು: "ಅಕ್ಕಾ, ನಾನು ನಿಮ್ಮ ಬಸ್ಸಿನ ಕಂಡಕ್ಟರ್. ಗಡಿಬಿಡಿ ಬೇಡ, ನಿಧಾನ ತಿನ್ನಿ. ಬಸ್ಸು ನಿಲ್ಲಿಸ್ತೇನೆ."

ನಾವು ಹತ್ತಿದಾಗ ಇಡೀ ಬಸ್ಸು ಕೇಳಿತು: "ದೋಸೆ ಒಳ್ಳೆದಿತ್ತಾ?"

ಮೂಡುಬಿದಿರೆ

ಹೋಟೆಲಿನ ತಿಂಡಿ ಮನೆಯ ಹೊಸ್ತಿಲು ದಾಟಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ಒಮ್ಮೆ ಬಾಳೆಲೆಯಲ್ಲಿ ಕಟ್ಟಿಸಿ ತಂದ ದೋಸೆಯನ್ನು ನಾನೂ ಅಮ್ಮನೂ ದನದ ಹಟ್ಟಿಯ ಹಿಂದೆ ಕೂತು ಬಿಚ್ಚಿದೆವು. ಅಜ್ಜಿ ಕೋಲೂರಿಕೊಂಡು ಅಲ್ಲಿಗೇ ಬಂದರು. ಅಮ್ಮ ಬಾಳೆಲೆಯನ್ನು ಸೆರಗಿನಡಿ ಮುಚ್ಚಿದರು. ಅಜ್ಜಿ ಹಟ್ಟಿಯನ್ನೊಮ್ಮೆ, ದೂರದ ಹೊಸ್ತಿಲನ್ನೊಮ್ಮೆ ನೋಡಿ ಪಕ್ಕದಲ್ಲೇ ಕುಕ್ಕರಿಸಿದರು.

"ಇಲ್ಲಿ ಹೊಸ್ತಿಲು ಇಲ್ಲವಲ್ಲ. ಬಟಾಟೆ ಇರುವ ತುಂಡು ನನಗೆ ಕೊಡು."

ಬೆಳ್ತಂಗಡಿ

ನನಗೆ ಇಪ್ಪತ್ತಮೂರು. ಎರಡು ಸಂಬಂಧ ತಪ್ಪಿಹೋಗಿ, ಅಮ್ಮನಿಗೆ ನಿದ್ದೆ ಇರಲಿಲ್ಲ. ಮೂರನೆಯವರು ಬೆಳ್ತಂಗಡಿ ಹತ್ತಿರದ ಲಾಯಿಲದವರು. "ಹೋಟೆಲಿನ ಮೆಟ್ಟಿಲು ಹತ್ತದ ಹುಡುಗಿ ಆಗಬೇಕು" ಎಂದು ಹುಡುಗನ ತಾಯಿ ಮೊದಲೇ ಹೇಳಿ ಕಳಿಸಿದ್ದರು. ಹುಡುಗಿ ನೋಡುವುದು ಬೆಳ್ತಂಗಡಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿ. ಆ ಮನೆ ಪೇಟೆಯ ಹೋಟೆಲೊಂದರ ಎದುರಿಗೇ. ಬಸ್ಸಿಳಿದಾಗ ವಿಪರೀತ ಹಸಿವು. "ಇದೇ ಕೊನೆ" ಎಂದು ಅಮ್ಮ ಒಳಗೆ ನಡೆದರು.

ಹಲಗೆಗೋಡೆಯ ಆಚೆಯ ರೂಮಿನಲ್ಲಿ ಒಬ್ಬ ಹೆಂಗಸು ಹೇಳುತ್ತಿದ್ದರು: "ಇನ್ನೊಂದು ಮಸಾಲೆ ತಾ ಮಾರಾಯ. ಮಾತು ನಿಶ್ಚಯ ಆಗದೆ ಹೆಣ್ಣಿನ ಮನೆಯಲ್ಲಿ ತಿನ್ನುವ ಹಾಗಿಲ್ಲ."

ಒಂದು ಗಂಟೆಯ ಮೇಲೆ ಮಾವನ ಮನೆಯಲ್ಲಿ ಹುಡುಗನ ತಾಯಿ ತಿಂಡಿಯ ತಟ್ಟೆ ಸರಿಸಿ, "ಬೇಡ, ಬೆಳಿಗ್ಗೆ ಗಂಜಿ ಉಂಡದ್ದೇ ಹೆಚ್ಚಾಗಿದೆ" ಎಂದರು. ಅದೇ ಸ್ವರ! ಅಮ್ಮ ನನ್ನನ್ನು ಚಿವುಟಿದರು.

"ಹುಡುಗಿಗೆ ಹೋಟೆಲು ಗೀಟೆಲು ಅಭ್ಯಾಸ ಇಲ್ಲವಷ್ಟೆ?"

ಅಮ್ಮ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಹೋಟೆಲಿನ ಸಪ್ಲೈಯರ್. ಕೈಯಲ್ಲಿ ಒಂದು ಕೊಡೆ. "ಫ್ಯಾಮಿಲಿ ರೂಮಿನಲ್ಲಿ ಸಿಕ್ಕಿತು. ಇಲ್ಲಿಗೆ ಬಂದವರದ್ದೇ, ನಾನು ನೋಡಿದ್ದೇನೆ." ಅವನ ಕಣ್ಣು ನಮ್ಮ ಮೂವರ ಮೇಲೂ ಒಂದು ಸುತ್ತು ಬಂತು.

"ನಮ್ಮದಲ್ಲ" ಎಂದರು ಹುಡುಗನ ತಾಯಿ.

"ನಮ್ಮದಂತೂ ಅಲ್ಲವೇ ಅಲ್ಲ" ಎಂದರು ಅಮ್ಮ.

ಅವನು ಅದೇ ಕೊಡೆ ಬಿಡಿಸಿಕೊಂಡು ಮಳೆಯಲ್ಲಿ ವಾಪಸು ಹೋದ. ಹುಡುಗನ ತಾಯಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಹುಡುಗಿ ಆದೀತು" ಎಂದು ಎದ್ದು, ತಲೆಗೆ ಸೆರಗು ಹಾಕಿಕೊಂಡು ನೆನೆಯುತ್ತ ನಡೆದರು.

ಮದುವೆಯಾದ ವಾರಕ್ಕೆ ಅತ್ತೆ ಕರೆದರು: "ಪೇಟೆಯಲ್ಲಿ ನನ್ನದೊಂದು ಕೊಡೆ ಉಂಟು. ತರುವ, ಬಾ."

ನಾನು ನಾಗಪುರಕ್ಕೆ ಹೊರಡುವವರೆಗೂ ಆ ಕೊಡೆ ತರಲು ತಿಂಗಳಿಗೆ ಎರಡು ಸಲ ಹೋದೆವು. ಕೊಡೆ ಮಾತ್ರ ಒಮ್ಮೆಯೂ ಮನೆಗೆ ಬರಲಿಲ್ಲ.