ಸುವಾಗ್ರೆದಾ ನಿಲ್ದಾಣದ ತಲೆಯೆಣಿಕೆ

ಎರಡು ದೇಶದ ಸರ್ಕಾರಗಳು ಕೂಡಿ ನೇಮಿಸಿದ ಸಾರಿಗೆ ಅಧ್ಯಯನ ಸಮಿತಿಯಲ್ಲಿ ಹನ್ನೆರಡು ಮಂದಿ ಪಂಡಿತರಿದ್ದರು. ಕ್ಯಾಲೆಂಡರ್ ನೋಡುವವನು ಒಬ್ಬನೂ ಇರಲಿಲ್ಲ. ಗಡಿಯ ಸಣ್ಣ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಎಣಿಸಲು ಅವರು ಡಿಸೆಂಬರ್ ಹತ್ತೊಂಬತ್ತನೇ ತಾರೀಕು ಗೊತ್ತು ಮಾಡಿದರು. ಗಡಿಯಾಚೆಯ ರೊಮೇನಿಯಾದವರಿಗೆ ಸಂತ ನಿಕೋಲಾಸನ ಹಬ್ಬ ಹದಿಮೂರು ದಿನ ಹಿಂದೆಯೇ ಮುಗಿದಿತ್ತು. ಈಚೆ, ಸರ್ಬಿಯಾದ ಸುವಾಗ್ರೆದಾದಲ್ಲಿ, ಹಬ್ಬ ಅವತ್ತೇ. ಅರ್ಧ ಊರಿಗೆ ಮನೆದೇವರು ಅವನೇ. ಆ ಮನೆಗಳವರು ಅವತ್ತು ಹೊಸ್ತಿಲು ದಾಟುವಂತಿಲ್ಲ. ಉಳಿದರ್ಧ ಊರು ಕರೆಯದೆಯೇ ಹೋಗಿ ಅಲ್ಲಿ ಉಣ್ಣುತ್ತದೆ. ರೈಲು ಹತ್ತುವವರು ಯಾರು?

ಇಪ್ಪತ್ತು ಜನ ಹತ್ತದಿದ್ದರೆ ನಿಲ್ದಾಣ ಬಂದ್. ನಿಲ್ದಾಣ ಬಂದ್ ಆದರೆ ತನ್ನ ಕೆಲಸವೂ ಹೋಯಿತೆಂದು ಐವತ್ತೆಂಟು ವರ್ಷದ ಗೇಟ್‌ಮನ್ ರಾದಿವೋಯೆ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ.

ಬೆಳಗಿನ ರೈಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಎಣಿಸಲು ಬಂದಿದ್ದ ರೊಮೇನಿಯಾದ ಅಧಿಕಾರಿ ಲವಿನಿಯಾ ಹಾಳೆಯಲ್ಲಿ ಸೊನ್ನೆ ಬರೆದಳು. "ಲೆಕ್ಕಕ್ಕೆ ಇನ್ನು ಸಂಜೆ ನಾಲ್ಕರ ರೈಲೊಂದೇ ಉಳಿದಿರೋದು" ಎಂದಳು.

ರಾದಿವೋಯೆ ಊರೊಳಗೆ ಓಡಿದ. ಮೊದಲು ಸಿಕ್ಕಿದ್ದು ದೆಸಾಂಕಾಳ ಮನೆ.

"ಅಕ್ಕಾ, ಒಂದ್ಸಲ ರೈಲು ಹತ್ತಿಬಿಡೇ."

"ಹಬ್ಬದ ಮನೇಲಿ ಬಾಯೊಣಗಿಸ್ಕೊಂಡು ಮಾತಾಡ್ತೀಯಲ್ಲೋ! ಮೊದ್ಲು ಗೋಧಿ ತಿನ್ನು."

ಹಬ್ಬದ ಪ್ರಸಾದದ ಬೇಯಿಸಿದ ಗೋಧಿಯಾಯಿತು, ಮೇಲೊಂದು ಲೋಟ ಪ್ಲಮ್ ಸಾರಾಯಿಯಾಯಿತು. ಆಮೇಲೆ ಅವಳೆಂದಳು: "ಒಲೆ ಮೇಲೆ ಮೀನಿದೆ, ಎಲ್ಲಿಗೋ ಬರ್ಲಿ ನಾನು?"

ಹೀಗೇ ಆರು ಮನೆ, ಆರು ಲೋಟ. ಬೇಡವೆಂದರೆ ಸಂತನಿಗೆ ಅವಮಾನ. ಏಳನೆಯದಾದ ಸ್ವೆಟೋಜಾರನ ಮನೆ ತಲುಪುವಾಗ ರಾದಿವೋಯೆ ಹಳಿ ತಪ್ಪಿದ ಗೂಡ್ಸ್ ಡಬ್ಬಿಯ ಹಾಗೆ ಬೇಲಿಗೆ ಒರಗಿದ್ದ. ಒಳಗೆ ಇಪ್ಪತ್ತಮೂರು ಅತಿಥಿಗಳು. ಅವನ ಬಾಯಿಂದ ಸುಳ್ಳು ತಾನಾಗಿಯೇ ಹೊರಬಿತ್ತು.

"ಮುಂದಿನ ಸ್ಟೇಷನ್ನಲ್ಲಿ ನನ್ ಚಿಕ್ಕಪ್ಪನ ಮಗ ಇದಾನೆ. ಅವನ ಮನೇಲೂ ಇವತ್ತೇ ಹಬ್ಬ. ಕರುವಿನಷ್ಟು ದೊಡ್ಡ ಮೀನು ಸುಟ್ಟಿಟ್ಟಿದಾನೆ, ಒಬ್ರೂ ಬಂದಿಲ್ಲ. ಅಳ್ತಾ ಕೂತಿದಾನೆ!"

ಹಬ್ಬದ ಮನೆ ಬರಿದಾಗಿರುವುದು ಸೂತಕಕ್ಕಿಂತ ಕೆಟ್ಟದ್ದು.

"ಥೂ, ಅದೆಂಥಾ ಊರಯ್ಯಾ!" ಎಂದು ಸ್ವೆಟೋಜಾರನ ಭಾವಮೈದ ಎದ್ದ. "ಏಳ್ರೋ! ಅಕಾರ್ಡಿಯನ್ ತಗೊಳ್ರೋ!"

"ಅವನ ಮನೆ ತುಂಬ್ಸೋಕೆ ನನ್ಮನೆ ಖಾಲಿ ಮಾಡ್ತೀಯೇನೋ ಪಾಪಿ!" ಎಂದು ಸ್ವೆಟೋಜಾರ ಕೂಗುತ್ತಲೇ ಉಳಿದ.

ಇಪ್ಪತ್ತಮೂರು ಜನ ಹಾಡುತ್ತ ರೈಲು ಹತ್ತಿದರು. ಲವಿನಿಯಾ ಎರಡು ಸಲ ಎಣಿಸಿದಳು. ರಾದಿವೋಯೆ ಸಾಕ್ಷಿ ಸಹಿ ಹಾಕಿದ.

"ನಿಲ್ದಾಣ ಉಳೀತು" ಎಂದಳು ಅವಳು. "ಇಪ್ಪತ್ತು ದಾಟಿದ ಕಡೆಯೆಲ್ಲ ಎರಡೂ ಸರ್ಕಾರ ಸೇರಿ ತಾನಾಗೇ ಇಳಿಯೋ ಗೇಟು ಹಾಕಿಸ್ತವೆ. ಕಾಯೋ ಆಳು ಬೇಡ."

"ಅಂದ್ರೆ ನಾನು?"

"ಮನೆಗೆ."

"ಇಪ್ಪತ್ತು ಆಗ್ದೇ ಇದ್ದಿದ್ರೆ?"

"ನಿಲ್ದಾಣ ಮುಚ್ಚೋರು. ಗೂಡ್ಸ್ ಓಡ್ತಾನೇ ಇರುತ್ತಲ್ಲಪ್ಪಾ, ಹಳೇ ಗೇಟು ಎತ್ತಿ ಇಳ್ಸೋಕೆ ನಿನ್ನನ್ನ ಇಟ್ಕೊಳ್ಳೇಬೇಕಾಗಿತ್ತು."

ರಾದಿವೋಯೆ ಹಳಿಯ ಪಕ್ಕದ ಕಲ್ಲಿನ ಮೇಲೆ ಕುಸಿದ. ಹಿಮ ಬೀಳತೊಡಗಿತು. ಆರು ಗಂಟೆಗೆ ವಾಪಸು ರೈಲು ಕೂಗಿತು. ಗೇಟು ಇಳಿಸಲು ಏಳಲೇಬೇಕಾಯಿತು. ಅಕಾರ್ಡಿಯನ್ ಸದ್ದಿರಲಿಲ್ಲ. ಕಿಟಕಿಗಳಿಂದ ಇಪ್ಪತ್ತಮೂರು ಹಸಿದ ತಲೆಗಳು ಹೊರಚಾಚಿದ್ದವು, ಎಲ್ಲವೂ ಅವನನ್ನೇ ಹುಡುಕುತ್ತ.